ಮುಂದೆ ಯಾರು, ಹಿಂದೆ ಯಾರು? ಪಾಳಿಯ ಒಗಟುಗಳನ್ನು ಕನ್ನಡದಲ್ಲಿಯೇ ಬಿಡಿಸುವ ಬಗೆ

ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುವ ಶಿಷ್ಯವೃತ್ತಿ ಪರೀಕ್ಷೆಯ ಎರಡನೆಯ ಪತ್ರಿಕೆಯಲ್ಲಿ 75 ಪ್ರಶ್ನೆಗಳಿರುತ್ತವೆ. ಅವುಗಳಲ್ಲಿ 50 ಪ್ರಶ್ನೆಗಳು ಬುದ್ಧಿಮತ್ತೆಗೆ ಸಂಬಂಧಿಸಿದವು. ಕಾಲಾವಧಿ 90 ನಿಮಿಷ. ಪ್ರತಿ ಪ್ರಶ್ನೆಗೆ 72 ಸೆಕೆಂಡು. ಎಂಟನೆಯ ತರಗತಿಯ ಮಕ್ಕಳು ಬರೆಯುವ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಂತೂ ಮಾನಸಿಕ ಸಾಮರ್ಥ್ಯಕ್ಕೆ 90 ಪ್ರಶ್ನೆಗಳ ಪ್ರತ್ಯೇಕ ಪತ್ರಿಕೆಯೇ ಇದೆ. ಅದರಲ್ಲಿ ಆಯ್ಕೆಯಾದ ವಿದ್ಯಾರ್ಥಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಕೂಲಿಯ ಮೇಲೆ ನಡೆಯುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಈ ಪರೀಕ್ಷೆಗಳನ್ನು ನಮ್ಮ ಮಕ್ಕಳು ಕನ್ನಡದಲ್ಲಿಯೇ ಬರೆಯಬಹುದು.

ಆದರೂ ಪಾಲಕರಿಗೆ ಒಂದು ಅಳುಕು ಇದ್ದೇ ಇದೆ. ತರ್ಕದ ಪ್ರಶ್ನೆಗಳೆಂದರೆ ಇಂಗ್ಲಿಷ್ ಪುಸ್ತಕ ತಂದು ಅಭ್ಯಾಸ ಮಾಡಿಸಬೇಕೇನೋ ಎಂಬುದೇ ಆ ಅಳುಕು. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು. ವೈದ್ಯರ ಭೇಟಿಯ ವೇಳೆ, ಕೌಂಟರಿನ ಪಾಳಿ, ಟೋಕನ್ ಸಂಖ್ಯೆ ಮೊದಲಾದವುಗಳ ಮೇಲೆ ಕೇಳುವ ಒಗಟುಗಳಲ್ಲಿ ಗಣಿತ ಅತ್ಯಲ್ಪ. ಅವು ಓದಿನ ಪರೀಕ್ಷೆಗಳು. ಮನೆಮಾತಿನ ಚಿಕ್ಕ ಚಿಕ್ಕ ಪದಗಳನ್ನು ಎಚ್ಚರದಿಂದ ಓದುವ ಮಗು ಇವುಗಳನ್ನು ಬಿಡಿಸುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಮಿರಜದ ಒಂದು ದವಾಖಾನೆಯಲ್ಲಿ 10 ಗಂಟೆಯಿಂದ ಆರಂಭಿಸಿ 20 ನಿಮಿಷಕ್ಕೆ ಒಬ್ಬರಂತೆ ಐವರಿಗೆ ವೇಳೆ ಕೊಡಲಾಗಿದೆ ಎಂದುಕೊಳ್ಳಿ. ಅವರು ಇಮಾಮಸಾಬ, ಸಾವಿತ್ರಿ, ಗೌರವ್ವ, ಬಸಪ್ಪ ಮತ್ತು ಮಲ್ಲಪ್ಪ. ಸುಳುಹುಗಳು ನಾಲ್ಕು. ಒಂದನೆಯದು, ಗೌರವ್ವಳಾದ ಕೂಡಲೇ ಬಸಪ್ಪನ ಪಾಳಿ. ಎರಡನೆಯದು, ಸಾವಿತ್ರಿ ಮೊದಲಿನವಳೂ ಅಲ್ಲ, ಕೊನೆಯವಳೂ ಅಲ್ಲ. ಮೂರನೆಯದು, ಇಮಾಮಸಾಬನ ಪಾಳಿ ಗೌರವ್ವಳಿಗಿಂತ ಮುಂಚೆ, ಆದರೆ ಅವರಿಬ್ಬರ ನಡುವೆ ಕನಿಷ್ಠ ಒಬ್ಬರಿದ್ದಾರೆ. ನಾಲ್ಕನೆಯದು, ಮಲ್ಲಪ್ಪನ ಪಾಳಿ ಗೌರವ್ವಳ ನಂತರ.

ಮಗುವಿಗೆ ಮೊದಲು ಐದು ಚೌಕಗಳನ್ನು ಬರೆಯಲು ಹೇಳಿ. ಹೆಸರುಗಳನ್ನು ಊಹಿಸಿ ತುಂಬುತ್ತ ಹೋಗಬಾರದು. ಹೆಚ್ಚು ಸುಳುಹುಗಳಲ್ಲಿ ಬಂದಿರುವ ಹೆಸರನ್ನು ಹಿಡಿಯಬೇಕು; ಇಲ್ಲಿ ಅದು ಗೌರವ್ವ. ಮೂರನೆಯ ಸುಳುಹಿನಂತೆ ಅವಳಿಗಿಂತ ಮುಂಚೆ ಕನಿಷ್ಠ ಇಬ್ಬರಿರಬೇಕು. ಒಂದನೆಯ ಮತ್ತು ನಾಲ್ಕನೆಯ ಸುಳುಹುಗಳಂತೆ ಅವಳ ನಂತರ ಕನಿಷ್ಠ ಇಬ್ಬರು, ಅಂದರೆ ಬಸಪ್ಪ ಮತ್ತು ಮಲ್ಲಪ್ಪ, ಇರಬೇಕು. ಒಟ್ಟು ಇರುವವರು ಐವರೇ. ಹಾಗಾದರೆ ಗೌರವ್ವಳ ಸ್ಥಾನ ಮೂರನೆಯದು, 10.40. ಬಸಪ್ಪ 11 ಗಂಟೆಗೆ, ಮಲ್ಲಪ್ಪ 11.20ಕ್ಕೆ. ಇಮಾಮಸಾಬ ಮತ್ತು ಗೌರವ್ವಳ ನಡುವೆ ಒಬ್ಬರಿರಬೇಕಾದ್ದರಿಂದ ಅವನು 10 ಗಂಟೆಗೆ, ಉಳಿದ 10.20 ಸಾವಿತ್ರಿಯದು.

ಎರಡನೆಯ ಸುಳುಹನ್ನು ನಾವು ಮುಟ್ಟಲೇ ಇಲ್ಲ! ಇಂಥ ಹೆಚ್ಚುವರಿ ಸುಳುಹು ಕಂಡಾಗ ಮಕ್ಕಳು ಏನೋ ತಪ್ಪಿತೆಂದು ಗಾಬರಿಯಾಗಿ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಅದರ ಅಗತ್ಯವಿಲ್ಲ. ಅದನ್ನು ತಾಳೆ ನೋಡಲು ಬಳಸಿದರೆ ಸಾಕು. ಸಾವಿತ್ರಿ ಎರಡನೆಯವಳು, ಸರಿಹೊಂದಿತು.

ಇನ್ನು ಪದಗಳ ವಿಚಾರ. ಒಂದನೆಯ ಸುಳುಹಿನಲ್ಲಿ "ಕೂಡಲೇ" ಇದೆ, ನಾಲ್ಕನೆಯದರಲ್ಲಿ ಬರಿಯ "ನಂತರ" ಇದೆ. ಅವಸರದಲ್ಲಿ ಎರಡನ್ನೂ ಒಂದೇ ಎಂದು ಓದಿದರೆ ಗೌರವ್ವಳ ಪಕ್ಕದ ಒಂದೇ ಚೌಕದಲ್ಲಿ ಬಸಪ್ಪ, ಮಲ್ಲಪ್ಪ ಇಬ್ಬರನ್ನೂ ಕೂರಿಸಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು "ಮುಂದೆ", "ಹಿಂದೆ" ಎಂಬ ಪದಗಳಲ್ಲಿದೆ. ಪಾಳಿಯಲ್ಲಿ ನನ್ನ ಮುಂದೆ ನಿಂತವನ ಕೆಲಸ ನನಗಿಂತ ಮೊದಲು ಆಗುತ್ತದೆ. ಆದರೆ "ಮುಂದಿನ ವಾರ" ಎಂದರೆ ಇನ್ನೂ ಬರಬೇಕಾದ ವಾರ, ಮತ್ತು ಭೇಟಿಯನ್ನು "ಮುಂದೂಡಿದರು" ಎಂದರೆ ತಡವಾಯಿತು. ಹಾಗೆಯೇ ಪಾಳಿಯಲ್ಲಿ ಹಿಂದೆ ಇರುವವನು ನಂತರದವನು. "ಎರಡು ದಿನಗಳ ಹಿಂದೆ" ಎಂದರೆ ಆಗಿಹೋದದ್ದು. ಸ್ಥಳಕ್ಕೆ ಒಂದು ಅರ್ಥ, ಕಾಲಕ್ಕೆ ಅದರ ವಿರುದ್ಧ ಅರ್ಥ. ಮರಾಠಿಯ "ಪುಢೇ", "ಮಾಗೇ" ಕೂಡ ಹೀಗೆಯೇ ಎರಡೂ ಕಡೆ ಹೊರಳುತ್ತವೆ. ಪ್ರಶ್ನೆ ಮರಾಠಿಯಿಂದ ಕನ್ನಡಕ್ಕೆ ಬಂದಿದ್ದರಂತೂ ಗೊಂದಲವೂ ಅದರೊಡನೆಯೇ ಬರಬಹುದು. ಇದಲ್ಲದೆ ನಮ್ಮ ಭಾಗದಲ್ಲಿ "ಪಾಳಿ" ಎಂದರೆ ಸಾಲೂ ಹೌದು, ಸರದಿಯೂ ಹೌದು. ಆದ್ದರಿಂದ ಇಂಥ ಪದ ಬಂದಲ್ಲೆಲ್ಲ ಮಗು ಅದರ ಮೇಲೆ "ಮೊದಲು" ಅಥವಾ "ಆಮೇಲೆ" ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳಲಿ. ಆ ಎರಡು ಪದಗಳಲ್ಲಿ ದ್ವಂದ್ವವಿಲ್ಲ.

ಕೌಂಟರಿನ ಲೆಕ್ಕ ಬೇರೆ ಬಗೆಯದು. ಎನ್.ಎಂ.ಎಂ.ಎಸ್.ಗೆ ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆದಾಯದ ದಾಖಲೆಗಾಗಿ ಕಸಬೆ ಡಿಗ್ರಜದಂಥ ಊರಿನ ಪಾಲಕರು ಸೇತು ಕೇಂದ್ರದ ಪಾಳಿ ಹಚ್ಚುತ್ತಾರೆ. ಆ ಪಾಳಿಯನ್ನೇ ಲೆಕ್ಕವಾಗಿಸಬಹುದು. ಒಂದೇ ಸಾಲು, ಎರಡು ಕೌಂಟರು. ಎರಡೂ 10 ಗಂಟೆಗೆ ತೆರೆಯುತ್ತವೆ. ಮೊದಲನೆಯದರಲ್ಲಿ ಒಬ್ಬರಿಗೆ 4 ನಿಮಿಷ, ಎರಡನೆಯದರಲ್ಲಿ 6 ನಿಮಿಷ. ಯಾವುದು ತೆರವಾಗುತ್ತದೆಯೋ ಅಲ್ಲಿಗೆ ಮುಂದಿನ ಟೋಕನ್. 25 ಜನರ ಕೆಲಸ ಎಷ್ಟು ಹೊತ್ತಿನಲ್ಲಿ ಮುಗಿದೀತು?

ಸರಾಸರಿ 5 ನಿಮಿಷ ಹಿಡಿದವರಿಗೆ ಅರವತ್ತೆರಡೂವರೆ ನಿಮಿಷ ಬರುತ್ತದೆ. ಅದು ತಪ್ಪು, ಬೇಗ ಮುಗಿಸುವ ಕೌಂಟರಿಗೆ ಹೆಚ್ಚು ಜನ ಹೋಗುತ್ತಾರೆ. 4 ಮತ್ತು 6ರ ಲ.ಸಾ.ಅ. 12. ಹನ್ನೆರಡು ನಿಮಿಷಗಳಲ್ಲಿ ಮೊದಲ ಕೌಂಟರಿನಲ್ಲಿ ಮೂವರು, ಎರಡನೆಯದರಲ್ಲಿ ಇಬ್ಬರು, ಒಟ್ಟು ಐವರು. ಹಾಗಾದರೆ 25 ಜನರಿಗೆ ಸರಿಯಾಗಿ 60 ನಿಮಿಷ. ಟೋಕನ್ 11 ಇರುವವರನ್ನು ಕರೆಯುವುದು 10.24ಕ್ಕೆ, ಏಕೆಂದರೆ ಆಗ ಹತ್ತು ಜನರ ಕೆಲಸ ಮುಗಿದು ಎರಡೂ ಕೌಂಟರುಗಳು ಒಟ್ಟಿಗೆ ತೆರವಾಗುತ್ತವೆ. ಎಣಿಕೆಯ ಇನ್ನೊಂದು ಪರಿಚಿತ ಪ್ರಶ್ನೆಯೂ ಉಂಟು: ಸಾಲಿನಲ್ಲಿ ಮುಂದಿನಿಂದ 7ನೆಯವಳು ಹಿಂದಿನಿಂದ 9ನೆಯವಳಾದರೆ ಒಟ್ಟು 15 ಜನ. ಅವಳನ್ನು ಎರಡು ಸಲ ಎಣಿಸಿದ್ದೇವೆ, ಒಂದನ್ನು ಕಳೆಯಬೇಕು.

ಇದನ್ನು ಬರಿಯ ಪರೀಕ್ಷೆಯ ಕಸರತ್ತು ಎನ್ನಲಾಗದು. ಬ್ರಿಟನ್ನಿನ ನಾರ್ಮನ್ ಬೇಲಿ 1952ರಲ್ಲಿ ಆಸ್ಪತ್ರೆಗಳ ಹೊರರೋಗಿ ವಿಭಾಗದ ಪಾಳಿಗಳನ್ನೇ ಗಣಿತದಿಂದ ಪರಿಶೀಲಿಸಿದರು. ಆರಂಭದಲ್ಲಿ ಇಬ್ಬರನ್ನು ಕರೆಸಿ, ಅನಂತರ ಒಬ್ಬೊಬ್ಬರಿಗೂ ಸರಾಸರಿ ತಪಾಸಣೆಯ ಅವಧಿಯಷ್ಟು ಅಂತರದಲ್ಲಿ ವೇಳೆ ಕೊಡುವ ಕ್ರಮ ಅವರ ಹೆಸರಿನೊಂದಿಗೆ ಉಳಿದಿದೆ. ವೈದ್ಯರೂ ಬರಿದೆ ಕೂರಬಾರದು, ರೋಗಿಯೂ ಅತಿಯಾಗಿ ಕಾಯಬಾರದು ಎಂಬುದು ಅದರ ಲೆಕ್ಕಾಚಾರ.

ಮನೆಯಲ್ಲಿ ಅಭ್ಯಾಸಕ್ಕೆ ಹೊಸ ಪುಸ್ತಕ ಬೇಕಿಲ್ಲ, ಇದೇ ಒಗಟಿನ ಒಂದು ಪದ ಬದಲಿಸಿ. ನಾಲ್ಕನೆಯ ಸುಳುಹಿನಲ್ಲಿ "ಗೌರವ್ವಳ ನಂತರ" ಇದ್ದಲ್ಲಿ "ಗೌರವ್ವಳಿಗಿಂತ ಮುಂಚೆ" ಎಂದು ಮಾಡಿ, ಎಷ್ಟು ಬಗೆಯಲ್ಲಿ ಪಾಳಿ ಹಚ್ಚಬಹುದು ಎಂದು ಮಗುವನ್ನು ಕೇಳಿ. ಉತ್ತರ ಮೂರು. ಮೂರರಲ್ಲಿಯೂ ಗೌರವ್ವ ನಾಲ್ಕನೆಯವಳು, ಬಸಪ್ಪ ಐದನೆಯವನು; ಈ ಸಲ ಎರಡನೆಯ ಸುಳುಹನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.