ವಿದ್ಯುತ್ ಬಸ್ಸಿನ ಕರಾರು ಮತ್ತು ಶಾಲಾ ಮಕ್ಕಳು

ಅಮೆರಿಕದಲ್ಲಿ ಶಾಲಾ ಮಕ್ಕಳ ಬಸ್ಸಿನ ಹೊಣೆ ಅಲ್ಲಿನ ಶಾಲಾ ಮಂಡಳಿಗಳದು. ಬೀದರ್, ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಿಂದ ಹೈಸ್ಕೂಲು, ಕಾಲೇಜಿಗೆ ಹೋಗುವ ಅನೇಕ ಮಕ್ಕಳಿಗೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸೇ ಆಸರೆ. ಗಂಡುಮಕ್ಕಳಿಗೆ ರಿಯಾಯಿತಿ ಪಾಸು. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ. ಹೀಗಾಗಿ ನಿಗಮ ಮಾಡಿಕೊಳ್ಳುವ ಕರಾರು ಮಕ್ಕಳ ಹಾಜರಿಗೂ ಸಂಬಂಧಿಸಿದ್ದು.

ವಿದ್ಯುತ್ ಬಸ್ಸುಗಳ ಕರಾರು ಹೇಗಿರುತ್ತದೆ? ಬೆಂಗಳೂರಿನ ಬಿಎಂಟಿಸಿಯಲ್ಲಿ ಬಸ್ಸು, ಚಾಲಕ, ರಿಪೇರಿ ಕಂಪನಿಯದು; ಕಂಡಕ್ಟರ್ ಮತ್ತು ಟಿಕೆಟ್ ಹಣ ನಿಗಮದ್ದು. ಓಡಿದ ಕಿಲೋಮೀಟರಿಗೆ ಇಂತಿಷ್ಟೆಂದು ನಿಗಮ ಕಂಪನಿಗೆ ಕೊಡುತ್ತದೆ. 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ, 10,000 ಬಸ್ಸುಗಳ ಪಿಎಂ ಇ-ಬಸ್ ಸೇವಾ ಯೋಜನೆಯಲ್ಲೂ ಕಿಲೋಮೀಟರ್ ಲೆಕ್ಕವೇ. ಅದು ನಗರಗಳಿಗೆ ಮೀಸಲು.

ಇಂಥ ಬಸ್ಸು ತಾಲ್ಲೂಕಿನ ಹಾದಿಗೆ ಬರುವಾಗ ನಾವು ಮೂರು ಪ್ರಶ್ನೆ ಕೇಳಬೇಕು. ಚಾರ್ಜಿಂಗ್ ವ್ಯವಸ್ಥೆ ಭಾಲ್ಕಿ, ಔರಾದ್ ಡಿಪೋಗಳಲ್ಲೇ ಇರುವುದೇ? ಬಸ್ಸು ಕೆಟ್ಟರೆ ಬದಲಿ ಬಸ್ಸು ಯಾರದು? ಶಾಲಾ ವೇಳೆಯ ಟ್ರಿಪ್ ತಪ್ಪಿದರೆ ದಂಡವೆಷ್ಟು? ಕಿಲೋಮೀಟರ್ ಲೆಕ್ಕ ಮಧ್ಯಾಹ್ನದ ಓಟದಿಂದಲೂ ತುಂಬೀತು. ಬೆಳಗಿನ ಬಸ್ಸು ಬಾರದಿದ್ದರೆ ಮಗುವಿನ ಆ ದಿನದ ಪಾಠ ಹೋದಂತೆಯೇ.

ಕರಾರಿಗೆ ಸಹಿ ಬೀಳುವ ಮೊದಲೇ ಎಸ್‌ಡಿಎಂಸಿ ಸದಸ್ಯರು ಶಾಲಾ ವೇಳಾಪಟ್ಟಿಯನ್ನು ಡಿಪೋ ಮ್ಯಾನೇಜರರಿಗೆ ಲಿಖಿತವಾಗಿ ತಲಪಿಸುವುದು ಒಳಿತು.