ಹೊಳೆ ತುಂಬಿದಾಗ ನಲ್ಲಿ ಒಣಗುತ್ತದೆ

ಮಲೆನಾಡಿನಲ್ಲಿ ಪುಷ್ಯ ಮಳೆ ಜೋರು ಹಿಡಿಯಿತೆಂದರೆ ದಾವಣಗೆರೆಯ ದೋಸೆ ಹೋಟೆಲುಗಳಲ್ಲಿ ಮಾತು ಒಂದೇ: ‘ಡ್ಯಾಮು ಎಷ್ಟಾತು?’ ಡ್ಯಾಮು ಎಂದರೆ ಲಕ್ಕವಳ್ಳಿಯ ಭದ್ರಾ. ಗರಿಷ್ಠ ಮಟ್ಟ 186 ಅಡಿ. ಅದು ತುಂಬಿದರೆ ನಾಲೆಗೆ ನೀರು, ಭತ್ತಕ್ಕೆ ಜೀವ. ಹದಿನಾಲ್ಕು ಕಿಲೋಮೀಟರು ಆಚೆ, ಹರಿಹರದ ಗಂಗಾನಗರದಂಥ ಹೊಳೆದಂಡೆಯ ಬಡಾವಣೆಯಲ್ಲಿ ಕೇಳುವ ಪ್ರಶ್ನೆ ಬೇರೆ: ‘ಗಾಜನೂರಿಂದ ಎಷ್ಟು ಬಿಟ್ಟಾರ?’ 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿ ಅಲ್ಲಿನ ಮನೆಗಳಿಗೆ ನುಗ್ಗಿದಾಗ ಜನ ಗಂಟುಮೂಟೆ ಕಟ್ಟಿಕೊಂಡು ಕಾಳಜಿ ಕೇಂದ್ರ ಸೇರಬೇಕಾಯಿತು.

ಹರಿಹರದವರ ಪ್ರಶ್ನೆಯಲ್ಲಿ ಜಲವಿಜ್ಞಾನ ಚೆನ್ನಾಗಿಯೇ ಅಡಗಿದೆ. ಭದ್ರಾ ಜಲಾಶಯ 71.5 ಟಿಎಂಸಿ ನೀರು ಹಿಡಿಯುತ್ತದೆ. ಗಾಜನೂರಿನ ತುಂಗಾ ಜಲಾಶಯ ಹಿಡಿಯುವುದು ಸುಮಾರು 3.24 ಟಿಎಂಸಿ ಮಾತ್ರ. ಸೆಕೆಂಡಿಗೆ ಒಂದು ಲಕ್ಷ ಘನ ಅಡಿ, ಅಂದರೆ ಒಂದು ಲಕ್ಷ ಕ್ಯುಸೆಕ್, ನೀರು ಒಂದು ದಿನ ಹರಿದರೆ 8.64 ಟಿಎಂಸಿ ಆಗುತ್ತದೆ. ಆ ವೇಗದಲ್ಲಿ ಬಂದರೆ ಖಾಲಿ ಗಾಜನೂರು ಒಂಬತ್ತು ತಾಸಿಗೆ ಭರ್ತಿ. ಮಳೆಗಾಲದ ಮೊದಲ ವಾರಗಳಲ್ಲೇ ಅದು ತುಂಬಿರುವುದರಿಂದ ಆಗುಂಬೆ, ಶೃಂಗೇರಿ, ತೀರ್ಥಹಳ್ಳಿಯ ಮಳೆಯೆಲ್ಲ ಹೆಚ್ಚುಕಡಿಮೆ ಬಂದ ಹಾಗೆಯೇ ಕೆಳಗೆ ಹೋಗುತ್ತದೆ. ಭದ್ರಾ ಮಾತ್ರ ತುಂಬುವ ತನಕ ತನ್ನ ಪಾಲಿನ ಪ್ರವಾಹವನ್ನು ನುಂಗಿಕೊಳ್ಳುತ್ತಿರುತ್ತದೆ. ಅದೂ ತುಂಬಿ ಗೇಟು ಎತ್ತಿದ ದಿನವೇ ಗಾಜನೂರಿನಿಂದಲೂ ಭಾರಿ ನೀರು ಬಂದರೆ, ಕೂಡ್ಲಿಯ ಸಂಗಮದಿಂದ ಕೆಳಗೆ ಹೊನ್ನಾಳಿ, ಹರಿಹರಗಳಿಗೆ ಕಷ್ಟ. ದಾವಣಗೆರೆಯವರು ಹಿಗ್ಗುವ ದಿನವೇ ಹರಿಹರದವರು ಗಂಟುಮೂಟೆ ಕಟ್ಟಬೇಕಾಗಿ ಬರುವುದು ಹೀಗೆ.

ಒಂದು ಸಮಾಧಾನವಿದೆ. ಶಿವಮೊಗ್ಗದಿಂದ ಹರಿಹರಕ್ಕೆ ರಸ್ತೆಯಲ್ಲೇ ಸುಮಾರು 75 ಕಿ.ಮೀ. ನೀರು ಸೆಕೆಂಡಿಗೆ ಒಂದೂವರೆ ಮೀಟರಿನಂತೆ ಸಾಗಿದರೂ ಅಷ್ಟು ದೂರಕ್ಕೆ ಹದಿನಾಲ್ಕು ತಾಸು ಬೇಕು. ಭೂಕಂಪ ಕೊಡದಷ್ಟು ಮುನ್ಸೂಚನೆಯನ್ನು ಈ ಹೊಳೆ ಕೊಡುತ್ತದೆ. ಆ ತಾಸುಗಳಲ್ಲಿ ಮನೆಯವರು ಏನು ಮಾಡಬಲ್ಲರು ಎಂಬುದು ಮಾತ್ರ ಅವತ್ತು ತೀರ್ಮಾನವಾಗುವುದಿಲ್ಲ, ಬೇಸಿಗೆಯಲ್ಲೇ ಆಗಿಹೋಗಿರುತ್ತದೆ.

ನೀರು ದಂಡೆ ಹತ್ತಿಯೇ ಬರುತ್ತದೆಂದು ಕಾಯುವವರು ಮೋಸಹೋಗುತ್ತಾರೆ. ಸೂಳೆಕೆರೆಯಿಂದ ಹರಿದು ಬರುವ ಹರಿದ್ರಾ ಹಳ್ಳ ಹರಿಹರದಲ್ಲೇ ತುಂಗಭದ್ರೆಯನ್ನು ಸೇರುತ್ತದೆ. ದೊಡ್ಡ ಹೊಳೆಯ ಮಟ್ಟ ಏರಿದಾಗ ಹಳ್ಳದ ನೀರಿಗೆ ಒಳಹೋಗಲು ದಾರಿ ಸಿಗದೆ ಹಿಂದಕ್ಕೆ ನಿಲ್ಲುತ್ತದೆ. ಊರಿನ ಚರಂಡಿಗಳದ್ದೂ ಅದೇ ಪಾಡು. ಹಾಗಾಗಿ ತಗ್ಗಿನ ಮನೆಗಳಲ್ಲಿ ಮೊದಲು ನೀರು ಕಾಣಿಸಿಕೊಳ್ಳುವುದು ಬಚ್ಚಲ ಕಂಡಿಯಲ್ಲಿ, ಕಕ್ಕಸಿನ ಗುಂಡಿಯಲ್ಲಿ. ಗೊಬ್ಬರದ ಖಾಲಿ ಚೀಲಕ್ಕೆ ಮರಳು ತುಂಬಿ ಬಾಯಿ ಕಟ್ಟಿಟ್ಟುಕೊಂಡರೆ ಇವೆರಡರ ಮೇಲೆ ಹೇರಲು ಬರುತ್ತದೆ. ಬಾಗಿಲಿಗಿಂತ ಅಲ್ಲೇ ಅದು ಹೆಚ್ಚು ಕೆಲಸಕ್ಕೆ ಬರುವುದು.

ದಾವಣಗೆರೆ ನಗರಕ್ಕೆ ಹೊಳೆ ನುಗ್ಗುವ ಭಯವಿಲ್ಲ. ಆದರೆ ನಗರ ಕುಡಿಯುವುದು ಭದ್ರಾ ನಾಲೆಯಿಂದ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಗೆ ತುಂಬಿಸಿದ ನೀರನ್ನು, ಜೊತೆಗೆ ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ ನೀರನ್ನು. ಹೊಳೆ ಕೆಂಪಾಗಿ ಬಂದಾಗ ಅದರಲ್ಲಿ ತೇಲುವ ಜೇಡಿಯ ಕಣಗಳೆಲ್ಲ ಋಣ ವಿದ್ಯುದಂಶ ಹೊತ್ತಿರುತ್ತವೆ. ಒಂದನ್ನೊಂದು ದೂರ ತಳ್ಳುವುದರಿಂದ ದಿನಗಟ್ಟಲೆ ತಳ ಸೇರುವುದಿಲ್ಲ. ಶುದ್ಧೀಕರಣ ಘಟಕದಲ್ಲಿ ಹಾಕುವ ಆಲಂ, ನಮ್ಮ ಅಜ್ಜಿಯರ ಪಟಿಕ, ತನ್ನ ಅಲ್ಯೂಮಿನಿಯಂನ ಧನ ವಿದ್ಯುದಂಶದಿಂದ ಈ ಜಗಳ ಬಿಡಿಸುತ್ತದೆ. ಕಣಗಳು ಅಂಟಿಕೊಂಡು ಗರಣೆಯಾಗಿ ಕೆಳಗಿಳಿಯುತ್ತವೆ. ರಾಡಿ ಹೆಚ್ಚಿದಷ್ಟೂ ಆಲಂ ಹೆಚ್ಚು ಬೇಕು, ಮರಳಿನ ಸೋಸುಹಾಸು ಬೇಗ ಕಟ್ಟುತ್ತದೆ, ಅದನ್ನು ಪದೇ ಪದೇ ತೊಳೆಯಬೇಕು. ಅದೇ ಹೊತ್ತಿಗೆ ಪಂಪಿಗೆ ಕರೆಂಟು ಕೈಕೊಟ್ಟರಂತೂ ಕೇಳುವುದೇ ಬೇಡ. ಹೊಳೆ ಎರಡು ದಂಡೆ ತುಂಬಿ ಹರಿಯುವ ವಾರದಲ್ಲೇ ನಲ್ಲಿ ಒಣಗುವ ಸಾಧ್ಯತೆ ಹೆಚ್ಚು.

ಇಲ್ಲಿ ದಾವಣಗೆರೆಯ ಗೃಹಿಣಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ದಿನಗಟ್ಟಲೆ ಬಿಟ್ಟು ಬರುತ್ತಿದ್ದ ನೀರಿಗಾಗಿ ಸಂಪು, ಡ್ರಮ್ಮು, ಸಿಂಟೆಕ್ಸು, ಕೊಡಗಳ ಒಂದು ಶಿಸ್ತನ್ನೇ ಈ ಊರು ಕಟ್ಟಿಕೊಂಡಿದೆ. ಜಲಸಿರಿ ಯೋಜನೆಯ ದಿನವಿಡೀ ನೀರು ಬಂದ ಮನೆಗಳಲ್ಲಿ ಆ ಡ್ರಮ್ಮುಗಳನ್ನು ಗುಜರಿಗೆ ಹಾಕುವ ಉತ್ಸಾಹ ಕಂಡರೆ ಸ್ವಲ್ಪ ತಡೆಯಿರಿ ಎನ್ನುತ್ತೇನೆ. ಪರಿಹಾರ ಕಾರ್ಯದ ಅಂತರರಾಷ್ಟ್ರೀಯ ಅಳತೆಯಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರು ನೀರು ಬೇಕು. ಅದರಲ್ಲಿ ಕುಡಿಯಲು, ತಿನ್ನಲು ಹೋಗುವುದು ಸುಮಾರು 3 ಲೀಟರು. ಐದು ಜನರ ಮನೆಗೆ ಮೂರು ದಿನಕ್ಕೆ ಕುಡಿಯುವ ನೀರು 45 ಲೀಟರು: ಇಪ್ಪತ್ತರ ಎರಡು ಕ್ಯಾನು, ಮೇಲೊಂದು ಕೊಡ. ಉಳಿದ ಬಳಕೆಗೆ ಸಂಪಿದೆ. ಹಿಡಿದಿಟ್ಟ ನೀರಿನ ಇನ್ನೊಂದು ಮುಖವೆಂದರೆ ಡೆಂಗಿ. ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ತೆಗೆದುಕೊಳ್ಳುವುದು ವಾರದಿಂದ ಹತ್ತು ದಿನ. ಅದಕ್ಕೇ ವಾರಕ್ಕೊಮ್ಮೆ ಡ್ರಮ್ಮು ಬರಿದು ಮಾಡಿ ಒಳಗೋಡೆಯನ್ನು ತಿಕ್ಕಬೇಕು. ನೀರು ಚೆಲ್ಲಿದರಷ್ಟೇ ಸಾಲದು. ಗೋಡೆಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ.

ರಾಡಿ ನೀರೇ ಗತಿ ಎಂಬ ಹೊತ್ತು ಬಂದರೆ ಮನೆಯ ಟ್ರಂಕಿನಲ್ಲಿ ಒಳ್ಳೆಯ ಶೋಧಕವೊಂದಿದೆ: ಹಳೆಯ ಹತ್ತಿ ಸೀರೆ. ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ರೀಟಾ ಕೊಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೀರೆಯನ್ನು ನಾಲ್ಕು ಪದರವಾದರೂ ಆಗುವಂತೆ ಮಡಚಿ ಸೋಸಿದ ನೀರು ಕುಡಿದವರಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿದಿತ್ತು. ಕಾಲರಾದ ರೋಗಾಣು ಬಟ್ಟೆಯ ರಂಧ್ರಕ್ಕಿಂತ ಎಷ್ಟೋ ಚಿಕ್ಕದು. ಆದರೆ ಅದು ಅಂಟಿಕೊಂಡು ಬರುವ ಪ್ಲವಕ ಜೀವಿಗಳು ದೊಡ್ಡವು, ಅವು ಸಿಕ್ಕಿಬೀಳುತ್ತವೆ. ಸೀರೆ ಹಳೆಯದೇ ಇರಬೇಕು. ಒಗೆದೊಗೆದು ನೂಲಿನ ಎಳೆ ಬಿಚ್ಚಿಕೊಂಡಾಗ ರಂಧ್ರ ಕಿರಿದಾಗುತ್ತದೆ. ಬಟ್ಟೆ ಮಿಲ್ಲುಗಳಿಂದ ಹೆಸರು ಮಾಡಿದ ಊರಿಗೆ ಈ ಮಾಹಿತಿ ಒಪ್ಪುತ್ತದೆ.

ಸೋಸಿದ ಮೇಲೆ ಉಳಿದದ್ದನ್ನು ಕೊಲ್ಲಬೇಕು. ನೀರು ತಳದಿಂದ ಗುಳುಗುಳು ಕುದಿಯಲು ಹತ್ತಿ ಒಂದು ನಿಮಿಷವಾದರೆ ಸಾಕು. ಹತ್ತಿಪ್ಪತ್ತು ನಿಮಿಷ ಕುದಿಸಿ ಗ್ಯಾಸು ಮುಗಿಸಬೇಕಿಲ್ಲ. ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ತಾಸು ಬಿಡಬೇಕು. ಮೊದಲು ಸೋಸಿ ಆಮೇಲೆ ಕ್ಲೋರಿನ್ ಎಂಬ ಕ್ರಮ ತಪ್ಪಬಾರದು. ಎಲೆ, ಕೊಳೆ, ಸಗಣಿಯ ಕಣಗಳು ಕ್ಲೋರಿನ್ನನ್ನು ತಾವೇ ತಿಂದು ಮುಗಿಸುತ್ತವೆ, ರೋಗಾಣುವಿನ ಪಾಲಿಗೆ ಏನೂ ಉಳಿಯುವುದಿಲ್ಲ.

ಇಷ್ಟಾದ ಮೇಲೂ ಭೇದಿ ಹಿಡಿದರೆ? ಒಂದು ಲೀಟರು ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಬಂದರಷ್ಟೇ ತೆರೆಯುವ ಒಂದು ದಾರಿಯಿದೆ. ಅವುಗಳ ಹಿಂದೆ ನೀರು ಒಳಸೇರುತ್ತದೆ. ಬರೀ ನೀರು, ಬರೀ ಸಕ್ಕರೆ ನೀರು ಅಷ್ಟು ಕೆಲಸ ಮಾಡುವುದಿಲ್ಲ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನು ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಇಂಥದ್ದೇ ದ್ರಾವಣವನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ಕಾಲರಾ ಸಾವಿನ ಪ್ರಮಾಣ ಶೇಕಡ 30ರ ಸುತ್ತಲಿಂದ 4ಕ್ಕಿಂತ ಕೆಳಗಿಳಿಯಿತು.

ಊಟದ ವಿಷಯಕ್ಕೆ ಬಂದರೆ, ತುರ್ತು ಆಹಾರವೆಂದು ಆನ್‌ಲೈನಿನಲ್ಲಿ ಮಾರುವ ದುಬಾರಿ ಪೊಟ್ಟಣಗಳನ್ನು ನೋಡಿ ದಾವಣಗೆರೆಯವರು ನಗಬೇಕು. ಊರಿನ ಮಂಡಕ್ಕಿ ಭಟ್ಟಿಗಳು ಅಂಥದ್ದನ್ನು ದಿನವೂ ಚೀಲಗಟ್ಟಲೆ ತಯಾರಿಸುತ್ತಿವೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ ಕಾದ ಮರಳಿಗೆ ಸುರಿದಾಗ ಕಾಳಿನೊಳಗಿನ ತೇವ ಒಮ್ಮೆಲೇ ಆವಿಯಾಗಿ, ಮೊದಲೇ ಬೆಂದ ಪಿಷ್ಟವನ್ನು ಉಬ್ಬಿಸುತ್ತದೆ. ಹಾಗಾಗಿ ಮಂಡಕ್ಕಿ ಪೂರ್ತಿ ಬೆಂದ ಅನ್ನವೇ; ತಿನ್ನಲು ಬೆಂಕಿ ಬೇಡ. ನೀರಿನಂಶ ಅಷ್ಟು ಕಡಿಮೆ ಇರುವಲ್ಲಿ ಬೂಸ್ಟು, ಬ್ಯಾಕ್ಟೀರಿಯ ಬೆಳೆಯಲಾರವು. ಅದರ ಶತ್ರು ಮಳೆಗಾಲದ ತೇವದ ಗಾಳಿ ಮಾತ್ರ. ಬಿಗಿ ಮುಚ್ಚಳದ ಡಬ್ಬ ಬೇಕು. ಪ್ರೋಟೀನು ಸಾಲದೆಂದು ಹುರಿಗಡಲೆ, ಶೇಂಗಾ, ಒಂದಿಷ್ಟು ಬೆಲ್ಲ ಸೇರಿಸಿದರೆ ಮೂರು ದಿನ ಒಲೆ ಹಚ್ಚದೆ ಕಳೆಯಬಹುದು. ಮಿರ್ಚಿ ಇಲ್ಲದ ಮಂಡಕ್ಕಿ ಸಪ್ಪೆ ಎನ್ನುವವರಿಗೆ ವಿಜ್ಞಾನದಲ್ಲಿ ಪರಿಹಾರವಿಲ್ಲ.

ಕರೆಂಟಿನ ಲೆಕ್ಕವನ್ನು ಮಾತ್ರ ಎಲ್ಲರೂ ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು. ಒಣ ಚರ್ಮದ ರೋಧ ಒಂದು ಲಕ್ಷ ಓಮ್‌ವರೆಗೂ ಇರಬಹುದು. 230 ವೋಲ್ಟಿನಲ್ಲಿ ಆಗ ದೇಹದಲ್ಲಿ ಹರಿಯುವುದು 2.3 ಮಿಲಿಆಂಪಿಯರ್, ಜುಮ್ಮೆನ್ನುತ್ತದೆ ಅಷ್ಟೆ. ಒದ್ದೆ ಮೈಯ ರೋಧ ಸಾವಿರ ಓಮ್‌ಗೆ ಇಳಿಯುತ್ತದೆ. ಈಗ ಹರಿಯುವುದು 230 ಮಿಲಿಆಂಪಿಯರ್, ಹೃದಯದ ಲಯ ಕೆಡಿಸಲು ಬೇಕಾದದ್ದಕ್ಕಿಂತ ಹೆಚ್ಚು. ‘ನಮ್ಮನೇಲಿ ಎಂಸಿಬಿ ಹಾಕ್ಸೀವಿ, ಅದೇ ಬೀಳುತ್ತೆ’ ಎನ್ನುವವರು ಇದ್ದಾರೆ. ಬೀಳುವುದಿಲ್ಲ. 16 ಆಂಪಿಯರಿನ ಎಂಸಿಬಿ ಈ ಹರಿವಿನ ಎಪ್ಪತ್ತು ಪಟ್ಟನ್ನು ಆರಾಮಾಗಿ ಸಹಿಸುತ್ತದೆ. ಅದು ಇರುವುದು ವೈರು ಸುಡದಿರಲಿ ಎಂದು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ವಾಪಸು ಬಂತೇ ಎಂದು ಅದು ತೂಗಿ ನೋಡುತ್ತಲೇ ಇರುತ್ತದೆ. 30 ಮಿಲಿಆಂಪಿಯರ್ ಬೇರೆ ದಾರಿ ಹಿಡಿದರೂ ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಮನೆಗೆ ನೀರು ಬರುವ ಸೂಚನೆ ಇದ್ದರೆ ನೆಲ ಒಣಗಿರುವಾಗಲೇ ಮೇನ್ ಇಳಿಸುವುದು. ಇನ್ವರ್ಟರನ್ನೂ ಮರೆಯದೆ ಆರಿಸುವುದು. ಮೇನ್ ಇಳಿದ ಮನೆಯಲ್ಲೂ ಇನ್ವರ್ಟರಿನ ಲೈನಿನಲ್ಲಿ ಕರೆಂಟು ಇರುತ್ತದೆ. ಬೀದಿಯಲ್ಲಿ ತಂತಿ ಹರಿದು ಬಿದ್ದಿದ್ದರೆ ಬೆಸ್ಕಾಂನ 1912ಕ್ಕೆ ಫೋನು.

ಗ್ಯಾಸ್ ಸಿಲಿಂಡರಿನಲ್ಲಿ ಆರ್ಕಿಮಿಡೀಸ್ ಕುಳಿತಿದ್ದಾನೆ. 14.2 ಕಿಲೋ ಗ್ಯಾಸು, ಸುಮಾರು 15 ಕಿಲೋ ಉಕ್ಕು, ಒಟ್ಟು ಮೂವತ್ತರ ಒಳಗೆ. ಅದರ ಒಳಗಿನ ಜಾಗವೇ 33 ಲೀಟರು. ಅಷ್ಟು ನೀರು ಸರಿಸಿದರೆ 33 ಕಿಲೋದ ಮೇಲ್ಮುಖ ಒತ್ತಡ. ತುಂಬಿದ ಸಿಲಿಂಡರೂ ಪ್ರವಾಹದಲ್ಲಿ ತೇಲುತ್ತದೆ, ಪೈಪು ಕಿತ್ತುಕೊಳ್ಳುತ್ತದೆ. ಹೊರಡುವ ಮೊದಲು ರೆಗ್ಯುಲೇಟರ್ ತೆಗೆದು, ಕ್ಯಾಪು ಹಾಕಿ, ಕಿಟಕಿಯ ಸರಳಿಗೆ ಬಿಗಿಯಬೇಕು. ಈ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೇ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ಬಾಗಿಲು ತೆರೆದು ಹೊರಗೆ ಹೋಗಿ 1906ಕ್ಕೆ ಹೇಳಬೇಕು.

ಸಕ್ಕರೆ ಕಾಯಿಲೆಯವರಿರುವ ಮನೆಯಲ್ಲಿ ಫ್ರಿಜ್ಜು ನಿಂತರೆ ಗಾಬರಿ. 2021ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕೆನ್ಯಾದ ನಿರಾಶ್ರಿತರ ಶಿಬಿರದ ಬಿಸಿಯನ್ನು ಪ್ರಯೋಗಾಲಯದಲ್ಲಿ ಮರುಸೃಷ್ಟಿಸಿ, 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವ ಉಷ್ಣತೆಯಲ್ಲೂ ಇನ್ಸುಲಿನ್ ನಾಲ್ಕು ವಾರ ಗುಣ ಕಳೆದುಕೊಳ್ಳಲಿಲ್ಲ ಎಂದು ತೋರಿಸಿದೆ. ಏಪ್ರಿಲ್ ಬಿಸಿಲಿನಲ್ಲಿ ಮಣ್ಣಿನ ಮಡಕೆ ಒಳ್ಳೆಯ ಆಸರೆ; ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹೊರಮೈ ನೆನೆಸಿದ ಮಡಕೆಯಲ್ಲಿಟ್ಟರೆ ಸಾಕು. ಆಶ್ಲೇಷ ಮಳೆಯ ತೇವದ ಗಾಳಿಯಲ್ಲಿ ಮಡಕೆಯಿಂದ ನೀರು ಅಷ್ಟಾಗಿ ಆರುವುದಿಲ್ಲ, ತಂಪಾಗುವುದೂ ಕಡಿಮೆ. ಆಗ ಹವೆಯೇ ತಂಪಾಗಿರುತ್ತದೆ.

ಸಿಡಿಲಿನ ಕಾಲ ಮುಂಗಾರಿಗೂ ಮುಂಚೆ, ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವಷ್ಟು ಹೊತ್ತಿಲ್ಲದಿದ್ದರೆ ಅದು ಹತ್ತು ಕಿಲೋಮೀಟರಿನೊಳಗೆ ಬಂದಿದೆ ಎಂದರ್ಥ. ಮಾಳಿಗೆಯಿಂದ ಇಳಿಯಬೇಕು, ಅಡಿಕೆ ತೋಟದಿಂದ ಹೊರಬರಬೇಕು.

ಎಚ್ಚರಿಕೆ ಈಗ ನೇರ ಕಿಸೆಗೇ ಬರುತ್ತದೆ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳು ಒಮ್ಮೆಗೇ ಕಿರುಚಿ ಜನರನ್ನು ಬೆಚ್ಚಿಬೀಳಿಸಿದ್ದು ಅದರ ಪರೀಕ್ಷೆ. ಟವರು ತನ್ನ ವ್ಯಾಪ್ತಿಯ ಎಲ್ಲ ಫೋನುಗಳಿಗೂ ಆಕಾಶವಾಣಿಯಂತೆ ಬಿತ್ತರಿಸುವುದರಿಂದ ಲೈನು ಬಿಡುವಿಲ್ಲದಿದ್ದರೂ ಸಂದೇಶ ತಲುಪುತ್ತದೆ. ಆದರೆ ಕರೆಂಟು ಹೋಗಿ ಟವರಿನ ಬ್ಯಾಟರಿ ತೀರಿದರೆ ಅದೂ ಮೂಕ. ಚಿತ್ರದುರ್ಗ, ಭದ್ರಾವತಿ ಆಕಾಶವಾಣಿ ಹಿಡಿಯುವ ಸೆಲ್ಲಿನ ರೇಡಿಯೋ ಒಂದು ಮನೆಯಲ್ಲಿರಲಿ. 112, 108, ಜಿಲ್ಲಾಡಳಿತದ 1077 ಸಂಖ್ಯೆಗಳನ್ನೂ ನೆಂಟರ ನಂಬರುಗಳನ್ನೂ ಕ್ಯಾಲೆಂಡರಿನ ಹಿಂದೆ ಪೆನ್ನಿನಲ್ಲಿ ಬರೆದಿಡುವುದು ಒಳ್ಳೆಯದು. ಫೋನು ಸತ್ತಾಗ ಅದರೊಳಗಿನ ನಂಬರುಗಳೂ ಸಾಯುತ್ತವೆ. ರೇಷನ್ ಕಾರ್ಡು, ಆಧಾರ್, ಪಹಣಿ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ. ನಡೆಯಲಾಗದ ಅಜ್ಜಿಯನ್ನು ಯಾರು, ಯಾವ ಗಾಡಿಯಲ್ಲಿ, ಯಾರ ಮನೆಗೆ ಕರೆದೊಯ್ಯಬೇಕು ಎಂಬುದನ್ನು ಮೊದಲೇ ಮಾತಾಡಿಕೊಂಡಿರಬೇಕು. ಹೆಚ್ಚಿನ ಮನೆಗಳಲ್ಲಿ ಆಗದೇ ಉಳಿಯುವುದು ಇದೊಂದೇ ಕೆಲಸ, ಬಹುಶಃ ಇದಕ್ಕೆ ದುಡ್ಡು ಬೇಡವೆಂಬ ಕಾರಣಕ್ಕೆ.

ನೀರು ಇಳಿದ ಮೇಲೆ ಮನೆ ಹೊಕ್ಕವರು ಮೊದಲು ಸ್ವಿಚ್ಚಿಗೆ ಕೈ ಹಾಕುತ್ತಾರೆ. ವೈರಿಂಗ್ ಒಣಗಿ ಎಲೆಕ್ಟ್ರಿಷಿಯನ್ ನೋಡುವ ತನಕ ಬ್ಯಾಟರಿಯೇ ಸಾಕು. ಹಾಸಿಗೆ ಸಂದಿ, ಚಪ್ಪಲಿಯೊಳಗೆ ಕೋಲಾಡಿಸಿ ನೋಡಬೇಕು, ಹಾವೂ ನಿರಾಶ್ರಿತವೇ. ಕಚ್ಚಿದರೆ ಕಟ್ಟು ಕಟ್ಟಿ, ಕೊಯ್ದು, ಹೀರಿ ಹೊತ್ತು ಕಳೆಯದೆ ಕಾಲು ಅಲುಗಾಡದಂತೆ ಇಟ್ಟುಕೊಂಡು ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಓಡಬೇಕು. ಸಂಪಿನ ನೀರನ್ನು ಪೂರ್ತಿ ಹೊರಹಾಕಿ, ಒಳಮೈ ತಿಕ್ಕಿ ತೊಳೆದು, ಹೊಸ ನೀರು ತುಂಬಿದ ಮೇಲೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಹಾಕಬೇಕು. ಐದು ಸಾವಿರದ ಸಂಪಿಗೆ ಹನ್ನೆರಡೂವರೆ ಗ್ರಾಂ. ಒಳ್ಳೆಯ ಪುಡಿ ಎಂದರೆ ಮೂಗಿಗೆ ಖಾರವಾಗಿ ಹೊಡೆಯುವಂಥದ್ದು. ಬಿಸಿಲಿಗೆ, ಗಾಳಿಗೆ ತೆರೆದಿಟ್ಟ ಪುಡಿಯಿಂದ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿದಿರುತ್ತದೆ, ಆದ್ದರಿಂದ ಕಳೆದ ವರ್ಷದ ಪೊಟ್ಟಣವನ್ನು ಈ ವರ್ಷ ನಂಬಬೇಡಿ.