ಹರಳಿನೊಳಗಿನ ಚಿತ್ತಾರ

ಹಳೆಯ ಕಾಲದ ಛಾಯೆಯಿರುವ ಪೋಸ್ಟರ್ ಒಂದಕ್ಕೆ ರಸಾಯನಶಾಸ್ತ್ರವನ್ನು ವಸ್ತುವಾಗಿ ಕೊಟ್ಟರೆ ಬಹುಪಾಲು ಕಲಾವಿದರು ಬರೆಯುವುದು ಪ್ರನಾಳ, ಹೊಗೆಯುಗುಳುವ ಗಾಜಿನ ಬುರುಡೆ, ಕನ್ನಡಕ ಧರಿಸಿದ ವಿಜ್ಞಾನಿ. ಇವೆಲ್ಲ ಪ್ರಯೋಗಶಾಲೆಯ ಸಾಮಾನುಗಳೇ ಹೊರತು ರಸಾಯನಶಾಸ್ತ್ರವಲ್ಲ. ಚಿತ್ತಾರ ವಸ್ತುವಿನ ಒಳಗೇ ಇದೆ ಎಂಬುದನ್ನು ಲಂಡನ್ನಿನಲ್ಲಿ 1951ರಲ್ಲಿ ನಡೆದ ಬ್ರಿಟನ್ ಉತ್ಸವ ತೋರಿಸಿಕೊಟ್ಟಿತು.

ಕ್ಷ-ಕಿರಣವನ್ನು ಹರಳಿನ ಮೂಲಕ ಹಾಯಿಸಿದಾಗ ಅದು ಚದುರಿ ಫಿಲ್ಮಿನ ಮೇಲೆ ಚುಕ್ಕಿಗಳಾಗಿ ಮೂಡುತ್ತದೆ. ಆ ಚುಕ್ಕಿಗಳ ತೀವ್ರತೆಯನ್ನು ಅಳೆದು, ಲೆಕ್ಕ ಹಾಕಿ, ಎಲೆಕ್ಟ್ರಾನುಗಳು ಎಲ್ಲಿ ದಟ್ಟ, ಎಲ್ಲಿ ವಿರಳ ಎಂಬುದರ ನಕ್ಷೆ ತಯಾರಿಸುತ್ತಾರೆ. ಸರ್ವೆ ನಕ್ಷೆಯಲ್ಲಿ ಗುಡ್ಡದ ಎತ್ತರ ತೋರಿಸುವ ರೇಖೆಗಳಂತೆ ಇಲ್ಲಿಯೂ ಒಂದರೊಳಗೊಂದು ಸುತ್ತುವ ಗೆರೆಗಳು. ಅವುಗಳ ನಡುವಿನ ಶಿಖರವೇ ಪರಮಾಣು. ಹರಳಿನಲ್ಲಿ ಈ ವಿನ್ಯಾಸ ಎಲ್ಲ ದಿಕ್ಕಿಗೂ ಮರುಕಳಿಸುತ್ತದೆ. ಸೀರೆಯ ಮೇಲೆ ಮರದ ಅಚ್ಚನ್ನು ಸಾಲಾಗಿ ಒತ್ತುತ್ತಾ ಹೋಗುವ ಕೆಲಸವನ್ನು ಇಲ್ಲಿ ನಿಸರ್ಗವೇ ಮಾಡಿ ಮುಗಿಸಿದೆ ಎನ್ನಬಹುದು.

ಗೋಡೆಕಾಗದ, ಬಟ್ಟೆಗಳ ವಿನ್ಯಾಸಕರು ಈ ನಕ್ಷೆಗಳತ್ತ ಏಕೆ ನೋಡಬಾರದು ಎಂದು ಹರಳುವಿಜ್ಞಾನಿ ಹೆಲೆನ್ ಮೆಗಾ 1946ರಲ್ಲೇ ಪತ್ರ ಬರೆದು ಕೇಳಿದ್ದರು. ಕೆಲಸ ಕೈಗೂಡಿದ್ದು ಮೂರು ವರ್ಷಗಳ ನಂತರ. ವಿಜ್ಞಾನಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಅವರ ಉಪನ್ಯಾಸ ಕೇಳಿದ ಕೈಗಾರಿಕಾ ವಿನ್ಯಾಸ ಮಂಡಳಿಯ ಮಾರ್ಕ್ ಹಾರ್ಟ್‌ಲ್ಯಾಂಡ್ ಥಾಮಸ್ 28 ತಯಾರಕರನ್ನು ಒಟ್ಟುಗೂಡಿಸಿದರು. ಮೆಗಾ ವೈಜ್ಞಾನಿಕ ಸಲಹೆಗಾರರಾದರು.

ಆಗಿನ ಬ್ರಿಟನ್ನಿನ ಸ್ಥಿತಿಯನ್ನು ನೆನೆದರೆ ಇದು ಬರೀ ಅಲಂಕಾರದ ಮಾತಲ್ಲ. ಹಿರೋಶಿಮಾದ ನಂತರ ಪರಮಾಣು ಎಂದರೆ ಜನರ ಕಣ್ಣಿಗೆ ಕಟ್ಟುತ್ತಿದ್ದುದು ಬಾಂಬು. ಯುದ್ಧ ಮುಗಿದು ಆರು ವರ್ಷವಾದರೂ ಮಾಂಸ, ಸಕ್ಕರೆಗೆ ಪಡಿತರ ಚೀಟಿ ತಪ್ಪಿರಲಿಲ್ಲ. ಅಂಥವರ ಮುಂದೆ ಅದೇ ಪರಮಾಣು ಪರದೆಯಾಗಿ, ನೆಲಹಾಸಾಗಿ, ಊಟದ ತಟ್ಟೆಯಾಗಿ ಬಂದಿತು. ಉತ್ಸವದ ರೆಗಾಟಾ ರೆಸ್ಟೋರೆಂಟಿನ ತುಂಬ ಹರಳುಗಳದೇ ಚಿತ್ತಾರ. ಬೋರಿಕ್ ಆಮ್ಲ, ನೈಲಾನ್, ಆಫ್ವಿಲೈಟ್ ಎಂಬ ಖನಿಜ, ಕೊನೆಗೆ ರಕ್ತದ ಹಿಮೋಗ್ಲೋಬಿನ್ ಕೂಡ ವಿನ್ಯಾಸಕರ ಕೈಗೆ ಸಿಕ್ಕಿತು. (ಹೆಸರು ಹೇಳದಿದ್ದರೆ ಅದು ರಕ್ತದ್ದೆಂದು ಯಾರಿಗೂ ತಿಳಿಯದು!)

ಇನ್ಸುಲಿನ್ನಿನ ಕಥೆ ಇನ್ನೂ ಸ್ವಾರಸ್ಯಕರ. ಡೊರೊಥಿ ಹಾಜ್‌ಕಿನ್ ಅದರ ಹರಳಿನ ಕ್ಷ-ಕಿರಣ ಚಿತ್ರ ತೆಗೆದಿದ್ದು 1930ರ ದಶಕದಲ್ಲಿ. ಪೂರ್ಣ ರಚನೆಯನ್ನು ಬಿಡಿಸಿದ್ದು 1969ರಲ್ಲಿ. ವಿಜ್ಞಾನಕ್ಕೆ ಒಗಟಾಗಿದ್ದಾಗಲೇ ಅದು ಗೋಡೆಕಾಗದವನ್ನು ಸೇರಿಯಾಗಿತ್ತು.

ಉತ್ಸವ ಮುಗಿದ ಮೇಲೆ ಈ ಮಾದರಿಗಳು ಮಾರುಕಟ್ಟೆಯಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಲಂಡನ್ನಿನ ವೆಲ್‌ಕಮ್ ಕಲೆಕ್ಷನ್ 2008ರಲ್ಲಿ ಪ್ರದರ್ಶನ ಏರ್ಪಡಿಸಿದಾಗ ಅವು ಮತ್ತೆ ಜನರ ಕಣ್ಣಿಗೆ ಬಿದ್ದವು.

ಇಂದಿನ ಪೋಸ್ಟರ್ ಕಲಾವಿದನಿಗೆ ಇಲ್ಲಿ ಬೇಕಾದಷ್ಟು ಸರಕಿದೆ. ಹಳೆಯ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚು ಬೇಕಾಗಿದ್ದರಿಂದ ಎರಡು ಮೂರು ಬಣ್ಣಗಳಲ್ಲೇ ಕೆಲಸ ಮುಗಿಸುತ್ತಿದ್ದರು. ನೆರಳು ಬೆಳಕಿನ ಹಂಗಿಲ್ಲದ ಈ ಗೆರೆಗಳಿಗೆ ಅಷ್ಟು ಸಾಕು. ಬಣ್ಣ ಕಲಾವಿದನ ಇಷ್ಟ. ಗೆರೆಗಳ ನಡುವಿನ ಅಂತರ ಮಾತ್ರ ಹರಳಿನದು.